ಲ್ಯಾಬ್ ಮರಿ ಮಾರುವಾಗ ನಾನು ಬರೆಸಿಕೊಳ್ಳುವ ಕರಾರು

ಮೈಸೂರಿನ ಬೋಗಾದಿ ಕಡೆ ನಮ್ಮ ಮನೆ. ಲ್ಯಾಬ್ರಡಾರ್ ಸಾಕಿದ್ದೇನೆ, ಆಗೊಮ್ಮೆ ಈಗೊಮ್ಮೆ ಮರಿ ತೆಗೆದು ಮಾರುತ್ತೇನೆ. ನಮ್ಮ ಕಡೆ ಮರಿ ಮಾರಾಟ ಅಂದರೆ ದುಡ್ಡು ಎಣಿಸಿಕೊಂಡು, ಲಸಿಕೆ ಪುಸ್ತಕ ಕೈಗೆ ಕೊಟ್ಟು, ‘ಚೆನ್ನಾಗಿ ನೋಡ್ಕೊಳ್ಳಿ’ ಅಂದರೆ ಮುಗೀತು. ನಾನು ಎರಡು ಪುಟದ ಕರಾರು ಮುಂದಿಟ್ಟಾಗ ಬಂದವರ ಮುಖ ಒಂಥರಾ ಆಗುತ್ತದೆ. ‘ಏನಕ್ಕಾ, ಸೈಟ್ ಬರೆಸ್ಕೊಳ್ತಿದ್ದೀರಾ?’ ಅಂತ ನಗುತ್ತಾರೆ. ನಗಲಿ. ಆ ಎರಡು ಪುಟ ಕೋರ್ಟಿಗೆ ಹೋಗುವುದಕ್ಕಲ್ಲ. ದುಡ್ಡು ಕೈ ಬದಲಾಗುವ ಮೊದಲೇ ಎಲ್ಲ ಮಾತು ಆಡಿ ಮುಗಿಸುವುದಕ್ಕೆ.

ಮೊದಲು ನಾನು ಕೇಳುವುದು ಒಂದೇ. ಸಾಕೋದಕ್ಕಾ, ಮರಿ ತೆಗೆಯೋದಕ್ಕಾ? ಬಹಳ ಜನ ‘ಸುಮ್ನೆ ಮನೆಗೆ’ ಅನ್ನುತ್ತಾರೆ. ಅವರದ್ದು ಒಂದು ಕರಾರು, ಮರಿ ತೆಗೆಯುವವರದ್ದು ಇನ್ನೊಂದು. ‘ಬ್ರೀಡಿಂಗ್ ಕ್ವಾಲಿಟಿ’ ಅಂತ ಹೇಳಿ ಎಂಟು ವಾರದ ಮರಿಗೆ ಜಾಸ್ತಿ ದುಡ್ಡು ಕೇಳುವವರಿದ್ದಾರೆ. ನಾನು ಆ ಮಾತನ್ನು ಕರಾರಿನಲ್ಲಿ ಎಲ್ಲೂ ಬರೆಯುವುದಿಲ್ಲ. ಎಂಟು ವಾರಕ್ಕೆ ಯಾರಿಗೂ ಅದು ಗೊತ್ತಾಗುವುದಿಲ್ಲ. ಲ್ಯಾಬ್‌ಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ಅದರ ಎಕ್ಸ್‌ರೇ ತೆಗೆದು ಗ್ರೇಡ್ ಕೊಡಬೇಕಾದರೆ ನಾಯಿಗೆ ಕಡೇಪಕ್ಷ ಒಂದು ವರ್ಷ ಆಗಿರಬೇಕು. ಅಮೆರಿಕದ ಪದ್ಧತಿಯಲ್ಲಂತೂ ಕೊನೆಯ ಗ್ರೇಡ್‌ಗೆ ಎರಡು ವರ್ಷ ಕಾಯುತ್ತಾರೆ. ಕಣ್ಣಿನ ವಿಷಯ ಇನ್ನೂ ಕಷ್ಟ. ಪಿಆರ್‌ಎ ಅನ್ನುವ ಕಾಯಿಲೆಯಲ್ಲಿ ನಿಧಾನವಾಗಿ ದೃಷ್ಟಿ ಹೋಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಮರಿಗೆ ಕಾಯಿಲೆ. ಒಂದೇ ಕಡೆಯಿಂದ ಬಂದಿದ್ದರೆ ನಾಯಿ ಕೊನೆತನಕ ಆರಾಮಾಗಿರುತ್ತದೆ, ಆದರೆ ಮರಿಗಳಿಗೆ ಆ ಜೀನ್ ದಾಟಿಸಬಹುದು. ಡಿಎನ್‌ಎ ಪರೀಕ್ಷೆ ಮಾಡಿಸದೆ ಇದು ಗೊತ್ತಾಗಲ್ಲ.

ಹಾಗಾಗಿ ಮರಿ ತೆಗೆಯುವ ಹಕ್ಕನ್ನು ಮಾರಾಟದ ದಿನ ಕೊಡುವುದೇ ಇಲ್ಲ. ‘ಸೊಂಟದ ಎಕ್ಸ್‌ರೇ, ಕಣ್ಣಿನ ಡಿಎನ್‌ಎ ಪರೀಕ್ಷೆ ಎರಡೂ ಸರಿ ಬಂದ ಮೇಲೆ ಬರಹದಲ್ಲಿ ಒಪ್ಪಿಗೆ ಕೊಡುತ್ತೇನೆ’ ಅಂತಷ್ಟೇ ಬರೆಯುತ್ತೇನೆ. ಪರೀಕ್ಷೆಯ ಖರ್ಚು ಅವರದು. ಇದನ್ನು ಕೇಳಿ ಅರ್ಧ ಜನ ಎದ್ದು ಹೋಗುತ್ತಾರೆ. ಹೋಗುವವರು ಆಗಲೇ ಹೋದರೆ ಇಬ್ಬರಿಗೂ ಒಳ್ಳೆಯದು.

ಇದರ ಮೇಲೆ ಸರ್ಕಾರದ ನಿಯಮವೂ ಇದೆ. ನಾಯಿ ತಳಿ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಮರಿ ತೆಗೆದು ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ. ಹೆಣ್ಣಿಗೆ 18 ತಿಂಗಳಾಗುವ ಮುಂಚೆ ಕ್ರಾಸ್ ಮಾಡಿಸಬಾರದು. ವರ್ಷಕ್ಕೆ ಒಂದೇ ಸೂಲು, ಇಡೀ ಜೀವನದಲ್ಲಿ ಐದೇ. ಆರು ತಿಂಗಳು ದಾಟಿದ ನಾಯಿಯನ್ನು ಸಂತಾನಹರಣ ಮಾಡಿಸದೆ ಮಾರುವ ಹಾಗಿಲ್ಲ, ನೋಂದಣಿ ಇರುವ ಇನ್ನೊಬ್ಬ ಬ್ರೀಡರ್‌ಗೆ ಮಾತ್ರ ಮಾರಬಹುದು. ನಾನು ಇದನ್ನೆಲ್ಲ ಕರಾರಿಗೆ ಸೇರಿಸಿದ್ದೇನೆ. ‘ಹಕ್ಕು ಕೊಡಿ’ ಅಂದವರಿಗೆ ನಾನು ಕೇಳುವ ಎರಡನೇ ಪ್ರಶ್ನೆ, ‘ನಿಮ್ಮ ನೋಂದಣಿ ಎಲ್ಲಿ?’

ಇನ್ನು ಪೇಪರ್ ವಿಷಯ. ತಳಿ ನಾಯಿಗಳ ವಂಶಾವಳಿ ದಾಖಲಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟನ್ನು ಎಲ್ಲರೂ ಪೇಪರ್ ಅಂತಲೇ ಕರೆಯುತ್ತಾರೆ. ಮರಿಗಳ ನೋಂದಣಿ ಆಗುವುದು ತಾಯಿ ನಾಯಿಯ ಮಾಲೀಕರಿಂದ. ಗಂಡು ನಾಯಿಯ ಮಾಲೀಕರ ಸಹಿಯೂ ಬೇಕು. ಮರಿಯ ಚರ್ಮದ ಕೆಳಗೆ ಗುರುತಿನ ಚಿಪ್ ಹಾಕಿಸಿರಬೇಕು. ಮಾರಿದ ಮೇಲೆ ಹೆಸರು ಬದಲಾಯಿಸಲು ನಾನು ಸಹಿ ಹಾಕಿದ ಅರ್ಜಿ ಹೋಗಬೇಕು. ನನ್ನ ಕೈಯಲ್ಲಿರುವ ನಿಜವಾದ ಬಲ ಈ ಸಹಿ ಒಂದೇ. ಇಂಗ್ಲಿಷ್‌ನಲ್ಲಿ ಸಿಗುವ ರೆಡಿಮೇಡ್ ಕರಾರುಗಳನ್ನು ನಮ್ಮಲ್ಲಿ ಕೆಲವರು ಹಾಗೇ ಪ್ರಿಂಟ್ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ‘ಲಿಮಿಟೆಡ್ ರಿಜಿಸ್ಟ್ರೇಷನ್’ ಅಂತ ಇರುತ್ತದೆ. ಅದು ಅಮೆರಿಕನ್ ಕೆನಲ್ ಕ್ಲಬ್‌ನ ವ್ಯವಸ್ಥೆ. ಆ ನಾಯಿಗೆ ಹುಟ್ಟಿದ ಮರಿಗಳನ್ನು ಆ ಕ್ಲಬ್ ನೋಂದಾಯಿಸುವುದಿಲ್ಲ. ಇಲ್ಲಿ ಕೂತು ಅದನ್ನು ಬರೆದುಕೊಂಡು ಏನು ಮಾಡೋದು? ನನ್ನ ಕರಾರಿನಲ್ಲಿ ನೇರವಾಗಿ ಹೀಗಿದೆ: ಸಾಕಲು ಕೊಟ್ಟ ಮರಿಯ ಪೇಪರ್, ಸಂತಾನಹರಣದ ಆಪರೇಷನ್ ಆದ ಬಗ್ಗೆ ಪಶುವೈದ್ಯರ ಪತ್ರ ಬಂದ ಮೇಲೆ ನಿಮ್ಮ ಹೆಸರಿಗೆ ಆಗುತ್ತದೆ. ಆ ಪತ್ರದಲ್ಲಿ ಚಿಪ್‌ನ 15 ಅಂಕಿ ಇರಲೇಬೇಕು. ಇಲ್ಲದಿದ್ದರೆ ಯಾವ ನಾಯಿಗೆ ಆಪರೇಷನ್ ಆಯಿತೋ ದೇವರಿಗೇ ಗೊತ್ತು.

ಪೇಪರ್ ತಡೆಹಿಡಿದರೆ ಮರಿ ತೆಗೆಯುವುದು ನಿಲ್ಲುತ್ತಾ? ಇಲ್ಲ. ‘ಪೇಪರ್ ಬೇಡ, ಮರಿ ಇದ್ದರೆ ಸಾಕು’ ಅನ್ನುವ ಗಿರಾಕಿಗಳೇ ನಮ್ಮಲ್ಲಿ ಜಾಸ್ತಿ. ಅದಕ್ಕೆ ಇನ್ನೊಂದು ದಾರಿ ಮಾಡಿಕೊಂಡಿದ್ದೇನೆ. ಸಾಕಲು ಕೊಡುವ ಮರಿಯ ಬೆಲೆಯಲ್ಲಿ 5,000 ರೂಪಾಯಿಯನ್ನು ಠೇವಣಿ ಅಂತ ಬೇರೆ ಬರೆಯುತ್ತೇನೆ. ವೈದ್ಯರ ಪತ್ರ ಬಂದ ದಿನ ಅಷ್ಟನ್ನೂ ವಾಪಸ್ ಹಾಕುತ್ತೇನೆ. ದಂಡ ಕಟ್ಟಿ ಅಂತ ಅವರ ಮನೆ ಬಾಗಿಲಿಗೆ ಅಲೆಯುವುದಕ್ಕಿಂತ, ಅವರೇ ಫೋನ್ ಮಾಡಿ ‘ಅಕ್ಕ, ಆಪರೇಷನ್ ಆಯ್ತು, ದುಡ್ಡು ಹಾಕ್ತೀರಾ?’ ಅನ್ನುವುದು ಮೇಲಲ್ವಾ?

ಆಪರೇಷನ್ ಬಗ್ಗೆ ವಾದ ಬಂದೇ ಬರುತ್ತದೆ. ‘ಒಂದ್ಸಲನಾದ್ರೂ ಮರಿ ಹಾಕ್ಲಿ ಅಕ್ಕ, ಇಲ್ದಿದ್ರೆ ಹೆಣ್ಣಿಗೆ ಒಳ್ಳೇದಲ್ವಂತೆ’ ಅನ್ನುತ್ತಾರೆ. ಹಾಗೇನೂ ಇಲ್ಲ. ಆಪರೇಷನ್ ಆಗದ ಹೆಣ್ಣಿಗೆ ವಯಸ್ಸಾದಾಗ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಿದೆ, ಒಂದು ಸಲ ಮರಿ ಹಾಕಿದರೆ ಅದು ತಪ್ಪುವುದಿಲ್ಲ. ಆದರೆ ಲ್ಯಾಬ್‌ನಂಥ ದೊಡ್ಡ ನಾಯಿಗೆ ತೀರಾ ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೆ ನಾನು ಕರಾರಿನಲ್ಲಿ ‘ಒಂದು ವರ್ಷ ತುಂಬಿದ ಮೇಲೆ, ಎರಡು ವರ್ಷದ ಒಳಗೆ’ ಅಂತ ಹಾಕುತ್ತೇನೆ. ಅಲ್ಲಿಯವರೆಗೆ ಬೆದೆಗೆ ಬಂದಾಗ ಕಾಯುವುದು ಅವರ ಜವಾಬ್ದಾರಿ.

ಈಗ ಪಾಲಿನ ವಿಷಯಕ್ಕೆ ಬರುತ್ತೇನೆ. ಜಗಳ ಹುಟ್ಟುವುದೆಲ್ಲ ಇಲ್ಲೇ. ಒಳ್ಳೆಯ ಹೆಣ್ಣು ಮರಿಯನ್ನು ಕಮ್ಮಿ ಬೆಲೆಗೋ ಬಿಟ್ಟಿಯಾಗೋ ಕೊಡುವುದು, ಮುಂದೆ ಅದು ಮರಿ ಹಾಕಿದಾಗ ಒಂದೆರಡು ಮರಿ ವಾಪಸ್ ತೆಗೆದುಕೊಳ್ಳುವುದು. ಮಂಡ್ಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳವಳ್ಳಿ ಕಡೆ ಬಂಡೂರು ಕುರಿ ಸಾಕುವವರು, ಹಸು ಸಾಕುವವರು ಪಾಲಿಗೆ ಕೊಟ್ಟು ತೆಗೆದುಕೊಳ್ಳುವುದನ್ನು ನೋಡಿಯೇ ಬೆಳೆದಿರುತ್ತಾರೆ. ‘ಅದೇ ತಾನೇ, ಆಯ್ತು ಬಿಡಿ ಅಕ್ಕ’ ಅಂತ ತಕ್ಷಣ ಒಪ್ಪುತ್ತಾರೆ. ಅಷ್ಟು ಬೇಗ ಒಪ್ಪುವುದೇ ನನಗೆ ಭಯ. ಕುರಿ ಒಂದೋ ಎರಡೋ ಮರಿ ಹಾಕುತ್ತದೆ. ನಾಯಿ ಎಂಟು ಹಾಕಬಹುದು, ಒಂದೇ ಹಾಕಬಹುದು, ಗರ್ಭ ನಿಲ್ಲದೇ ಇರಬಹುದು. ನನಗೆ ಗೊತ್ತಿರುವ ಇಬ್ಬರು ಸ್ನೇಹಿತರು ಬಾಯಿಮಾತಿನಲ್ಲಿ ‘ಮರಿಯಲ್ಲಿ ಪಾಲು’ ಅಂತ ಮಾಡಿಕೊಂಡಿದ್ದರು. ಹುಟ್ಟಿದ್ದು ಎರಡು ಗಂಡು, ಒಂದು ಹೆಣ್ಣು. ಇಬ್ಬರಿಗೂ ಹೆಣ್ಣೇ ಬೇಕಾಗಿತ್ತು. ಈಗ ಅವರು ಮಾತಾಡುವುದಿಲ್ಲ.

ಅದಕ್ಕೆ ನನ್ನ ಪಾಲಿನ ಕರಾರು ಮಾರಾಟದ ಕರಾರಿಗಿಂತ ಉದ್ದ. ಎಂಟು ವಾರ ದಾಟಿ ಬದುಕಿರುವ ಮರಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಎರಡೋ ಮೂರೋ ಇದ್ದರೆ ನನಗೆ ಒಂದು, ಅದಕ್ಕಿಂತ ಜಾಸ್ತಿ ಇದ್ದರೆ ಎರಡು. ಒಂದೇ ಉಳಿದರೆ ಅದು ಅವರದ್ದು, ನನ್ನ ಪಾಲು ಮುಂದಿನ ಸೂಲಿಗೆ ಹೋಗುತ್ತದೆ. ಮೊದಲ ಆಯ್ಕೆ ನನ್ನದು, ಎರಡನೆಯದು ಅವರದು, ಮೂರನೆಯದು ಮತ್ತೆ ನನ್ನದು. ಯಾವ ಗಂಡಿಗೆ ಕ್ರಾಸ್ ಮಾಡಿಸಬೇಕು ಅನ್ನುವುದು ನನ್ನ ತೀರ್ಮಾನ, ಆ ಗಂಡಿನ ಮಾಲೀಕರಿಗೆ ಕೊಡುವ ಸ್ಟಡ್ ಫೀ ಕೂಡ ನನ್ನದೇ. ಬೆದೆಗೆ ಬಂದ ಮೊದಲ ದಿನವೇ ನನಗೆ ಮೆಸೇಜ್ ಹಾಕಬೇಕು. ಫೋನಲ್ಲಿ ಹೇಳಿದರೆ ಸಾಲದು, ಬರಹದಲ್ಲಿರಬೇಕು. ಆ ದಿನದಿಂದ ಲೆಕ್ಕ ಹಾಕಿ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನಿನ ಪರೀಕ್ಷೆ ಮಾಡಿಸಿ ಕ್ರಾಸ್‌ಗೆ ದಿನ ಗೊತ್ತು ಮಾಡುತ್ತೇವೆ.

ಖರ್ಚಿನಲ್ಲಿ ದಿನದ ಊಟ ಅವರದು. ಸ್ಕ್ಯಾನ್, ಎಷ್ಟು ಮರಿ ಇವೆ ಅಂತ ನೋಡುವ ಕೊನೆಯ ವಾರದ ಎಕ್ಸ್‌ರೇ, ಸಿಸೇರಿಯನ್ ಆದರೆ ಅದರ ಬಿಲ್, ಇಷ್ಟೂ ಸಮಪಾಲು. ಸಿಸೇರಿಯನ್ ರಾತ್ರಿ ಹೊತ್ತೇ ಬರುವುದು. ಆಗ ‘ಯಾರು ಕೊಡ್ತಾರೆ’ ಅಂತ ಮಾತಾಡುತ್ತಾ ನಿಂತರೆ ನಾಯಿ ಉಳಿಯುವುದಿಲ್ಲ. ಯಾರು ಹತ್ತಿರ ಇರುತ್ತಾರೋ ಅವರು ಕಟ್ಟಬೇಕು, ಲೆಕ್ಕ ಆಮೇಲೆ ಅಂತಲೂ ಬರೆದಿದ್ದೇನೆ.

ಹೆರಿಗೆ ನಮ್ಮ ಮನೆಯಲ್ಲಿ. ನಾಯಿಯ ಗರ್ಭ ಹೆಚ್ಚು ಕಮ್ಮಿ 63 ದಿನ. ಕೊನೆಯ ವಾರಕ್ಕೆ ತಂದು ಬಿಟ್ಟರೆ ಮರಿಗೆ ಎಂಟು ವಾರ ಆಗುವವರೆಗೆ ತಾಯಿ ಇಲ್ಲೇ ಇರುತ್ತದೆ. ಇದಕ್ಕೆ ಅಪ್ಪ ಅಮ್ಮ ಒಪ್ಪಿದರೂ ಮನೆಯ ಮಕ್ಕಳು ಒಪ್ಪುವುದಿಲ್ಲ. ಭಾನುವಾರ ಬಂದು ನೋಡಿಕೊಂಡು ಹೋಗಬಹುದು ಅಂತ ಒಂದು ಸಾಲು ಸೇರಿಸಿದ್ದು ಅವರಿಗಾಗಿಯೇ.

ಹಳ್ಳಿ ಕಡೆ ಇನ್ನೊಂದು ಸಾಲು ಬೇಕೇ ಬೇಕು. ಬೀದಿ ನಾಯಿ ಕ್ರಾಸ್ ಆಗಿಬಿಟ್ಟರೆ? ಕೂಡಲೇ ವೈದ್ಯರಿಗೆ ತೋರಿಸಬೇಕು, ನನಗೆ ಹೇಳಬೇಕು. ಆ ಮರಿಗಳಲ್ಲಿ ನನಗೆ ಪಾಲು ಇಲ್ಲ, ಆದರೆ ಆ ವರ್ಷದ ಸೂಲು ಅದೇ ಆಗುತ್ತದೆ. ವರ್ಷ ತುಂಬುವ ಮುಂಚೆ ಮತ್ತೆ ಕ್ರಾಸ್ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಪಾಲಿಗೆ ಕೊನೆ ಇರಬೇಕು. ಎರಡು ಬೆದೆಯಲ್ಲಿ ಪ್ರಯತ್ನ ಮಾಡಿಯೂ ಗರ್ಭ ನಿಲ್ಲದಿದ್ದರೆ, ಸಿಸೇರಿಯನ್ ಆದರೆ, ಇಲ್ಲವೇ ನಾಯಿಗೆ ನಾಲ್ಕು ವರ್ಷ ತುಂಬಿದರೆ ಪಾಲು ಮುಗಿಯಿತು. ಅಲ್ಲಿಯವರೆಗೆ ಪೇಪರ್ ನನ್ನ ಹೆಸರಿನಲ್ಲಿ, ಮುಗಿದ ದಿನ ಅವರ ಹೆಸರಿಗೆ. ಕೊನೆ ಬರೆಯದ ಪಾಲಿನಲ್ಲಿ ವಯಸ್ಸಾದ ಹೆಣ್ಣಿನಿಂದಲೂ ‘ಇನ್ನೊಂದು ಸೂಲು’ ಅಂತ ಎಳೆಯುವವರನ್ನು ನೋಡಿದ್ದೇನೆ. ನಾಯಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಆರೋಗ್ಯದ ಭರವಸೆಯನ್ನು ನಾನು ಚಿಕ್ಕದಾಗಿ ಇಟ್ಟಿದ್ದೇನೆ. ಮರಿ ಒಯ್ದ ಮೂರು ದಿನದಲ್ಲಿ ತಮ್ಮ ವೈದ್ಯರಿಗೆ ತೋರಿಸಬೇಕು. ಪಾರ್ವೊ ಅನ್ನುವ ವೈರಸ್ ಸೋಂಕು ತಗುಲಿ ವಾಂತಿ ಭೇದಿ ಕಾಣಿಸಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ ಎರಡು ವಾರ ಬೇಕು. ಮೊದಲ ವಾರದಲ್ಲಿ ಕಾಣಿಸಿಕೊಂಡರೆ ಇಲ್ಲಿಂದಲೇ ಹೋಗಿದೆ ಅಂತ ಒಪ್ಪಿಕೊಂಡು ಚಿಕಿತ್ಸೆಯ ಖರ್ಚು ಕೊಡುತ್ತೇನೆ. ಸೊಂಟದ ತೊಂದರೆ ಎರಡು ವರ್ಷದೊಳಗೆ ಎಕ್ಸ್‌ರೇಯಲ್ಲಿ ಕಂಡರೆ ಮರಿಯ ಅರ್ಧ ಬೆಲೆ ವಾಪಸ್. ‘ನಾಯಿ ವಾಪಸ್ ಕೊಟ್ಟರೆ ಪೂರ್ತಿ ಹಣ’ ಅಂತ ಬರೆಯುವವರು ಜಾಣರು. ಎರಡು ವರ್ಷ ಸಾಕಿದ ನಾಯಿಯನ್ನು ಯಾರೂ ವಾಪಸ್ ಕೊಡಲ್ಲ ಅಂತ ಅವರಿಗೆ ಗೊತ್ತು. ಆದರೆ ಈ ತೊಂದರೆ ಬರೀ ರಕ್ತದಿಂದ ಬರುವುದಲ್ಲ. ಮರಿಯ ತೂಕ ಏರಿಸಿ, ನುಣುಪಾದ ಟೈಲ್ಸ್ ಮೇಲೆ ಜಾರಿಸಿ ಬೆಳೆಸಿದರೂ ಹೆಚ್ಚುತ್ತದೆ. ಅದಕ್ಕೆ ನೆಲಕ್ಕೆ ಚಾಪೆಯಾದರೂ ಹಾಕಿ ಅಂತ ಕರಾರಿನಲ್ಲೇ ಬರೆದಿದ್ದೇನೆ. ಓದಿ ನಗದವರಿಲ್ಲ.

ಬಾಂಡ್ ಪೇಪರ್, ನೋಟರಿ ಬಗ್ಗೆ ಜನರಿಗೆ ಇರುವಷ್ಟು ಭಕ್ತಿ ನನಗಿಲ್ಲ. ನೋಟರಿ ಸಹಿಗೆ ಸಾಕ್ಷಿ, ಒಳಗೆ ಬರೆದದ್ದು ನ್ಯಾಯವೋ ಅಲ್ಲವೋ ಅಂತ ಅವರು ಹೇಳುವುದಿಲ್ಲ. ಬಾಂಡ್ ಪೇಪರ್ ಇಲ್ಲದ ಮಾತ್ರಕ್ಕೆ ಕರಾರು ಸುಳ್ಳಾಗುವುದಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಇಡುವಾಗ ಸುಂಕವನ್ನೂ ದಂಡವನ್ನೂ ಕಟ್ಟಿಸಿಕೊಳ್ಳುತ್ತಾರೆ. ಪಾಲಿನ ಕರಾರಿಗೆ ಮಾತ್ರ ಇ-ಸ್ಟ್ಯಾಂಪ್ ತೆಗೆಯುತ್ತೇನೆ. ‘ಮರಿ ತೆಗೆದರೆ ಎರಡು ಲಕ್ಷ ದಂಡ’ ಅಂತ ದಪ್ಪಕ್ಷರದಲ್ಲಿ ಹಾಕುವುದು ವ್ಯರ್ಥ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಸರಿ ಅನಿಸುವಷ್ಟನ್ನು ಕೋರ್ಟ್ ಕೊಡಿಸುತ್ತದೆ. ಮೈಸೂರಿನಲ್ಲಿ ಕಾಲೇಜು ಹುಡುಗರು ದುಡ್ಡು ಕೂಡಿಸಿಕೊಂಡು ಬರುತ್ತಾರೆ. 18 ತುಂಬದವರ ಸಹಿಗೆ ಬೆಲೆಯಿಲ್ಲ, ಅಪ್ಪನೋ ಅಮ್ಮನೋ ಬಂದು ಹಾಕಬೇಕು. ಪಿಜಿಯಲ್ಲಿ ಇರುವವರಿಗೆ ಕೊಡುವುದೇ ಇಲ್ಲ, ಅದಕ್ಕೆ ಕಾನೂನು ಬೇಕಾಗಿಲ್ಲ.

ಕರಾರು ಕಟ್ಟುವುದು ಸಹಿ ಹಾಕಿದವರನ್ನು ಮಾತ್ರ. ಅವರು ಇನ್ನೊಬ್ಬರಿಗೆ ಕೊಟ್ಟರೆ ಆ ಮೂರನೆಯವರಿಗೆ ನನ್ನ ಷರತ್ತು ಲೆಕ್ಕಕ್ಕಿಲ್ಲ. ಹಾಗಾಗಿ ‘ಸಾಕಲಾಗದಿದ್ದರೆ ಮೊದಲು ನನಗೆ ಹೇಳಿ, ಯಾವ ವಯಸ್ಸಿನಲ್ಲಾದರೂ ವಾಪಸ್ ತೆಗೆದುಕೊಳ್ಳುತ್ತೇನೆ’ ಅನ್ನುವ ಸಾಲನ್ನು ಜೋರಾಗಿ ಓದಿ ಹೇಳುತ್ತೇನೆ. ವಿದೇಶಕ್ಕೆ ಹೊರಟ ಒಂದು ಮನೆಯವರು ಆ ಸಾಲು ನೆನಪಿಟ್ಟುಕೊಂಡು ನಾಯಿಯನ್ನು ತಂದು ಬಿಟ್ಟರು. ಅದಕ್ಕೆ ಆಪರೇಷನ್ ಆಗಿತ್ತು. ದುಡ್ಡು ತೆಗೆದುಕೊಳ್ಳದೆ ಹುಣಸೂರಿನ ಒಬ್ಬ ಮೇಷ್ಟ್ರಿಗೆ ಕೊಟ್ಟೆ. ‘ಬಿಟ್ಟಿ ಕೊಡ್ತಿರೋದಕ್ಕೂ ಕರಾರಾ?’ ಅಂದರು. ಹೌದು ಸಾರ್ ಅಂದೆ. ಕೂತು ಎರಡೂ ಪುಟ ಓದಿ, ಕಾಗುಣಿತದ ತಪ್ಪು ತಿದ್ದಿ, ಸಹಿ ಹಾಕಿದರು.