ಮಂಡ್ಯದಿಂದ ಮೆಜೆಸ್ಟಿಕ್‌ವರೆಗೆ: ನಾನು ಓದೋದು ಯಾವಾಗ, ಎಲ್ಲಿ

ಓದೋಕೆ ನಿಂಗೆ ಟೈಮ್ ಎಲ್ಲಿ ಸಿಗುತ್ತೆ ಅಂತ ನೆಂಟರಲ್ಲಿ, ಆಫೀಸಲ್ಲಿ ಬಹಳ ಜನ ಕೇಳ್ತಾರೆ. ಹೆಂಗಸರು ಕೇಳುವಾಗ ಅದ್ರಲ್ಲಿ ಒಂಚೂರು ಆಸೆನೂ ಇರುತ್ತೆ, ಅವ್ರಿಗೋಸ್ಕರಾನೇ ಇದನ್ನ ಬರೀತಿದೀನಿ. ನಾನು ಮಂಡ್ಯದವ್ಳು, ಬೆಂಗಳೂರಲ್ಲಿ ರಾಜ್ಯ ಸರ್ಕಾರದ ಕೆಲ್ಸ, ದಿನಾ ರೈಲಲ್ಲಿ ಹೋಗಿ ಬರೋದು. ಮನೇಲಿ ಗಂಡ, ಇಬ್ರು ಮಕ್ಳು, ಅತ್ತೆ. ಇಲಾಖಾ ಪರೀಕ್ಷೆಗೆ ಓದೋದ್ರ ಬಗ್ಗೆ ನಾನು ಹೇಳ್ತಿಲ್ಲ, ಬರೀ ಖುಷಿಗೆ ಓದೋದು, ಕತೆ ಕಾದಂಬರಿ ಕವಿತೆ, ಅಷ್ಟೇ.

ನನ್ನ ಅನುಭವದಲ್ಲಿ ಟೈಮ್ ಹುಡುಕೋಕಿಂತ ಜಾಗ ಹುಡುಕೋದು ಮುಖ್ಯ. ಮನೇಲಿ ಗಂಡಸು ಪೇಪರ್ ಹಿಡ್ಕೊಂಡು ಅರ್ಧ ಗಂಟೆ ಕೂತ್ರೆ ಯಾರೂ ಏನೂ ಅನ್ನಲ್ಲ, ಅದೇ ಹೆಂಗಸು ಕಾದಂಬರಿ ಹಿಡ್ಕೊಂಡ್ರೆ ಅವ್ಳು ಬಿಡುವಾಗಿದಾಳೆ ಅಂತಾನೇ ಲೆಕ್ಕ, ಒಬ್ರು ನೀರು ಕೇಳ್ತಾರೆ, ಒಬ್ರು ಸಾಕ್ಸ್ ಎಲ್ಲಿ ಅಂತಾರೆ. ಕೆಟ್ಟ ಮನಸ್ಸಿಂದ ಅಲ್ಲ, ಅಭ್ಯಾಸ ಹಾಗಾಗಿದೆ. ಹಾಗಾಗಿ ಮನೆಯವ್ರೂ ಆಫೀಸಿನವ್ರೂ ನನ್ನ ಕೈಗೆ ಕೆಲ್ಸ ಕೊಡೋಕೆ ಆಗದೇ ಇರೋ ಜಾಗ ಯಾವ್ದು ಅಂತ ನೋಡ್ದೆ. ನನಗೆ ಅದು ರೈಲು. ಮಂಡ್ಯದಿಂದ ಮೆಜೆಸ್ಟಿಕ್‌ಗೆ ಹೆಚ್ಚೂಕಮ್ಮಿ ಒಂದೂಮುಕ್ಕಾಲು ಗಂಟೆ, ವಾಪಸ್ಸು ಅಷ್ಟೇ. ಈ ಹೊತ್ತನ್ನ ಎಲ್ರೂ ದಂಡ ಅಂತಾರೆ, ನಾನು ಮಾತ್ರ ಅದನ್ನ ಬಿಟ್ಟುಕೊಡಲ್ಲ, ಬೆಂಗಳೂರಲ್ಲೇ ಮನೆ ಮಾಡು ಅಂತ ಯಾರಾದ್ರೂ ಹೇಳಿದಾಗ ಮೊದ್ಲು ನೆನಪಾಗೋದು ಈ ಓದೇ.

ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಮೈಸೂರಿಂದ ಬರೋವಾಗ್ಲೇ ತುಂಬಿರುತ್ತೆ. ಪಾಸ್ ಮಾಡಿಸಿರೋರೇ ಜಾಸ್ತಿ, ಹೆಂಗಸರ ಬೋಗಿಯಲ್ಲೂ ನಿಂತೇ ಹೋಗೋ ದಿನಗಳು ಬೇಕಾದಷ್ಟು. ನಿಂತು ಓದೋದು ಕಷ್ಟ ಏನಿಲ್ಲ, ಬಾಗಿಲ ಹತ್ರ ಬೇಡ, ಒಳಗೆ ಎರಡು ಸೀಟಿನ ಮಧ್ಯ ಬೆನ್ನಿಗೆ ಏನಾದ್ರೂ ಆಸರೆ ಸಿಗೋ ಕಡೆ ನಿಂತ್ಕೊಂಡು ಒಂದೇ ಕೈಯಲ್ಲಿ ಪುಸ್ತಕ ಹಿಡೀಬೇಕು, ಹೆಬ್ಬೆರಳು ಕಿರುಬೆರಳು ಒಳಗಡೆ, ಮಿಕ್ಕ ಮೂರು ಹಿಂದ್ಗಡೆ. ಮದ್ದೂರಲ್ಲಿ ವಡೆ ಮಾರೋರು ಹತ್ತಿದ್ರೆ ಸ್ವಲ್ಪ ಹೊತ್ತು ನೂಕಾಟ, ಆಗ ಪುಸ್ತಕ ಮುಚ್ಚಿಬಿಡಿ, ಎಣ್ಣೆ ಕೈ ತಾಗಿದ್ರೆ ಪುಟ ಹಾಳು. ರಾಮನಗರ, ಬಿಡದಿಯಲ್ಲಿ ಫ್ಯಾಕ್ಟರಿ ಕೆಲ್ಸದವ್ರು ಇಳೀತಾರೆ, ಅಲ್ಲಿಂದ ಸೀಟ್ ಸಿಗುತ್ತೆ. ಸಿಕ್ಕಾಗ ಎಡಗಡೆ ಕಿಟಕಿ ಹಿಡೀರಿ, ಬೆಳಿಗ್ಗೆ ಬಲಗಡೆ ಬಿಸ್ಲು ನೇರ ಪುಟದ ಮೇಲೇ ಹೊಡಿಯುತ್ತೆ, ಬಿಳೀ ಕಾಗದ ಆದ್ರಂತೂ ಕಣ್ಣು ಬಿಡೋಕಾಗಲ್ಲ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ರೈಲಲ್ಲಿ ಓದೋಕೆ ಸಣ್ಣ ಕತೆ ತಗೊಳ್ಳಿ, ದಪ್ಪ ಕಾದಂಬರಿ ಮನೇಲಿ ಇಟ್ಕೊಳ್ಳಿ ಅಂತ ಎಲ್ರೂ ಹೇಳ್ತಾರೆ. ನಾನು ಮಾಡೋದು ಉಲ್ಟಾ. ಒಂದು ಒಳ್ಳೇ ಸಣ್ಣ ಕತೆ ಮುಗಿದಾಗ ಮನಸ್ಸು ಅಲ್ಲೇ ಸ್ವಲ್ಪ ಹೊತ್ತು ಇರ್ಬೇಕು ಅನ್ಸುತ್ತೆ, ತಕ್ಷಣ ಇನ್ನೊಂದಕ್ಕೆ ಹೋಗೋಕಾಗಲ್ಲ, ಪ್ರತಿ ಕತೆಗೂ ಹೊಸ ಊರು ಹೊಸ ಜನ ಹೊಸ ಭಾಷೆ, ಗಲಾಟೆ ಮಧ್ಯ ಮತ್ತೆ ಮತ್ತೆ ಮೊದಲಿಂದ ಒಳಗೆ ಹೋಗೋದು ಅಂದ್ರೆ ಸುಸ್ತಾಗುತ್ತೆ. ದೊಡ್ಡ ಕಾದಂಬರಿ ಹಾಗಲ್ಲ, ಒಂದ್ಸಲ ಹೊಕ್ಕಿದ್ರೆ ಆಯ್ತು, ನಾಳೆ ಅದೇ ಹೊತ್ತಿಗೆ ಅದೇ ಜನ ಸಿಗ್ತಾರೆ, ಕೂತ ತಕ್ಷಣ ಶುರು. ಕುವೆಂಪು ಅವ್ರ ಮಲೆಗಳಲ್ಲಿ ಮದುಮಗಳು ಬಂದಿದ್ದು 1967ರಲ್ಲಿ, 700 ಪುಟ ದಾಟುತ್ತೆ, ಅದ್ರಲ್ಲಿ ಬರೋ ಮನೆಗಳು, ಹಳ್ಳಿಗಳು, ಗೌಡ್ರು, ಆಳುಗಳು ಎಷ್ಟು ಅಂದ್ರೆ ತಿಂಗಳಿಗೊಂದ್ಸಲ ಕೈಗೆ ತಗೊಂಡ್ರೆ ಯಾರು ಯಾರ ಮನೆಯವ್ರು ಅಂತ್ಲೇ ಮರ್ತುಹೋಗುತ್ತೆ. ದಿನಾ ಓದಿದ್ರೆ ಮಾತ್ರ ಅದು ಕೈಗೆ ಹತ್ತೋದು. ಅಂಥಾ ದಿನಾ ಅನ್ನೋದು ನನ್ನ ಬದುಕಲ್ಲಿ ಎಲ್ಲಿದೆ? ರೈಲಲ್ಲೇ. ಅದನ್ನ ಬೆಳಿಗ್ಗೆ ಸಂಜೆ ರೈಲಲ್ಲೇ ಓದಿ ಮುಗಿಸ್ದೆ, ಮುಗಿದಾಗ ಆ ಕಾಡಿನ ಮಳೆ ಬಿಟ್ಟು ಬರೋಕೆ ನನಗೆ ಇಷ್ಟಾನೇ ಇರ್ಲಿಲ್ಲ.

ಅಷ್ಟು ದಪ್ಪದ್ದನ್ನ ಹೊತ್ತು ನಿಲ್ಲೋದು ಹೇಗೆ ಅಂತೀರಾ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ಅಂಗಡಿಯಲ್ಲಿ ರಟ್ಟು ಕಿತ್ತುಹೋಗಿದ್ದ ಒಂದು ಪ್ರತಿ ಸಿಕ್ತು, ಬೈಂಡಿಂಗ್ ಮಾಡೋರ ಹತ್ರ ಕೊಟ್ಟು ಮೂರು ಭಾಗ ಮಾಡಿಸಿ ತೆಳು ರಟ್ಟು ಹಾಕ್ಸಿದೆ. ಪುಸ್ತಕ ಕತ್ತರಿಸೋದು ಪಾಪ ಅಂತ ಒಬ್ರು ಬೈದ್ರು, ನಾನು ಒಪ್ಪಲ್ಲ. ನಮ್ಮಮ್ಮ ಸುಧಾ ವಾರಪತ್ರಿಕೆಯಲ್ಲಿ ಬರೋ ಧಾರಾವಾಹಿ ಪುಟಗಳನ್ನ ವಾರವಾರ ಕತ್ತರಿಸಿಟ್ಟು, ಮುಗಿದ್ಮೇಲೆ ದಪ್ಪ ದಾರದಲ್ಲಿ ಹೊಲಿದು ಕಾದಂಬರಿ ಮಾಡ್ಕೋತಿದ್ರು, 1965ರಲ್ಲಿ ಆ ಪತ್ರಿಕೆ ಶುರುವಾದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂಥಾ ಹೊಲಿದ ಕಟ್ಟುಗಳಿದ್ವು. ಓದೋಕೆ ಅನುಕೂಲ ಆಗೋ ಹಾಗೆ ಮಾಡ್ಕೊಳ್ಳೋದೇ ಪುಸ್ತಕಕ್ಕೆ ಕೊಡೋ ಮರ್ಯಾದೆ. (ಲೈಬ್ರರಿ ಪುಸ್ತಕಕ್ಕೆ ಮಾತ್ರ ಇದನ್ನ ಮಾಡ್ಬೇಡಿ ದಯವಿಟ್ಟು.)

ಮೆಜೆಸ್ಟಿಕ್‌ನಿಂದ ವಿಧಾನಸೌಧಕ್ಕೆ ಮೆಟ್ರೋದಲ್ಲಿ ಕೆಲವೇ ನಿಮಿಷ. ಅಲ್ಲಿ ಕಾದಂಬರಿ ತೆಗಿಯೋದಿಲ್ಲ. ಆ ಹೊತ್ತಿಗೆ ಸರಿಹೋಗೋದು ಡಿವಿಜಿ ಅವ್ರ ಕಗ್ಗ, ನಾಲ್ಕು ಸಾಲಿಂದು ಒಂದು ಪದ್ಯ, ಒಟ್ಟು 945 ಇವೆ. ಒಂದು ಪದ್ಯ ಓದಿ ಮುಚ್ಚಿ, ಎಸ್ಕಲೇಟರ್ ಹತ್ತೋವಾಗ ಬಾಯಲ್ಲೇ ಹೇಳ್ಕೊಂಡು ಹೋಗೋದು. ವಚನಗಳೂ ಇದಕ್ಕೆ ಚೆನ್ನಾಗಿ ಹೊಂದುತ್ತೆ.

ಮಧ್ಯಾಹ್ನ ಊಟದ ಬಿಡುವಲ್ಲಿ ಕಬ್ಬನ್ ಪಾರ್ಕ್. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆಯಲ್ಲ, ಒಳಗೆ ಕೂರೋಕೆ ಹೋದ್ರೆ ಜಾಗ ಎಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗ ಹುಡುಗೀರದ್ದು, ಅವ್ರು ಬೆಳಿಗ್ಗೆನೇ ಬಂದು ಕೂತಿರ್ತಾರೆ, ಅವ್ರನ್ನ ನೋಡಿದ್ರೆ ಜಾಗ ಕೇಳೋಕೂ ಮನಸ್ಸಾಗಲ್ಲ, ಅವ್ರ ಬದುಕೇ ಅದ್ರ ಮೇಲೆ ನಿಂತಿದೆ. ನಾನು ಹೊರಗೆ ಮರದ ಕೆಳಗೆ ಕಲ್ಲುಬೆಂಚಲ್ಲಿ ಡಬ್ಬಿ ಖಾಲಿ ಮಾಡಿ ಹತ್ತಿಪ್ಪತ್ತು ನಿಮಿಷ ಓದ್ತೀನಿ. ಈ ಹೊತ್ತಿಗೆ ಪ್ರಬಂಧ ಚೆನ್ನ, ಎಲ್ಲಿ ನಿಲ್ಲಿಸಿದ್ರೂ ನಷ್ಟ ಇಲ್ಲ.

ಸಣ್ಣ ಕತೆಗೆ ನಾನು ಇಟ್ಕೊಂಡಿರೋದು ಶನಿವಾರ. 2019ರಲ್ಲಿ ಸರ್ಕಾರ ನಾಲ್ಕನೇ ಶನಿವಾರವನ್ನೂ ರಜೆ ಮಾಡಿ ಅದಕ್ಕೆ ಬದಲಾಗಿ ವರ್ಷದ ಸಿಎಲ್ (ಸಾಂದರ್ಭಿಕ ರಜೆ) 15ರಿಂದ 10ಕ್ಕೆ ಇಳಿಸ್ತು, ನಮ್ಮ ಆಫೀಸಲ್ಲಿ ಗೊಣಗಿದವ್ರು ಬಹಳ, ನನಗೆ ಮಾತ್ರ ಬಲು ಖುಷಿ ಆಯ್ತು, ಎರಡನೇದು ಮೊದ್ಲೇ ಇತ್ತು, ಈಗ ತಿಂಗಳಿಗೆ ಎರಡು ಶನಿವಾರ. ಮಕ್ಳು ಸ್ಕೂಲಿಗೆ, ಗಂಡ ಕೆಲ್ಸಕ್ಕೆ ಹೋದ್ಮೇಲೆ ಒಂದು ಕತೆ, ಒಂದೇ. ಓದಿ ಸುಮ್ನೆ ಕೂರ್ತೀನಿ. ಬೆಂಗಳೂರಲ್ಲಿ ಇರೋರಿಗೆ ಶನಿವಾರ ಇನ್ನೊಂದು ದಾರಿ ಇದೆ, 2023ರ ಹೊತ್ತಿಗೆ ಶುರುವಾದ ಕಬ್ಬನ್ ರೀಡ್ಸ್, ಚಾಪೆ ತಂದು ಹುಲ್ಲಿನ ಮೇಲೆ ಹಾಸ್ಕೊಂಡು ಅವ್ರವ್ರ ಪುಸ್ತಕ ಅವ್ರವ್ರು ಮಾತಿಲ್ದೆ ಓದೋದು, ಫೀಸ್ ಇಲ್ಲ, ಭಾಷಣ ಇಲ್ಲ. ಇದು ಆಮೇಲೆ ದೆಹಲಿ, ಮುಂಬೈಗೂ ಹಬ್ಬಿತು. ಮನೇಲಿ ಓದೋಕೆ ಬಿಡದ ಹುಡುಗೀರಿಗೆ ಇಂಥಾ ಜಾಗ ಬಹಳ ದೊಡ್ಡದು, ಸುತ್ತ ಎಲ್ರೂ ಓದ್ತಿರುವಾಗ ನಿನಗೆ ಬೇರೆ ಕೆಲ್ಸ ಇಲ್ವಾ ಅಂತ ಕೇಳೋರು ಯಾರು?

ರಾತ್ರಿ ಮಲಗೋ ಮುಂಚೆ ಓದೋದನ್ನ ನಾನು ಲೆಕ್ಕಕ್ಕೇ ಇಟ್ಟಿಲ್ಲ. ಬೆಳಗಿನ ಜಾವ ಏಳೋ ದೇಹಕ್ಕೆ ಅದು ಸಾಧ್ಯ ಇಲ್ಲ, ಎರಡು ಪುಟಕ್ಕೆ ಕಣ್ಣು ಮುಚ್ಚುತ್ತೆ.

ಅಡುಗೆಮನೆ ಮಾತ್ರ ಬೇರೆ ಥರ ಒದಗಿಬಂತು. ಕೈ ಮುದ್ದೆ ತಿರುವೋವಾಗ ಪುಸ್ತಕ ಹಿಡಿಯೋಕಾಗಲ್ಲ, ಕಿವಿ ಖಾಲಿ ಇರುತ್ತೆ. ಮೈಲ್ಯಾಂಗ್ ಆಪಲ್ಲಿ ಕನ್ನಡ ಆಡಿಯೋ ಪುಸ್ತಕ ಸಿಗುತ್ತೆ, ಸಂಜೆ ಸಣ್ಣ ಸ್ಪೀಕರ್‌ಗೆ ಹಾಕಿ ಸೊಪ್ಪು ಬಿಡಿಸ್ತಾ ಕೇಳ್ತೀನಿ. ನಮ್ಮ ಅತ್ತೆಗೆ ಓದೋಕೆ ಬರಲ್ಲ, ಮೊದಮೊದ್ಲು ದೂರದಲ್ಲಿ ಕೂತು ಕೇಳಿಸ್ಕೊತಿದ್ರು, ಒಂದಿನ ನಾನು ಕುಕ್ಕರ್ ಸದ್ದಿಗೆ ನಿಲ್ಲಿಸಿದ್ರೆ, "ನಿಲ್ಲಿಸ್ಬ್ಯಾಡ ಕಣವ್ವ, ಆ ಹುಡ್ಗಿ ಗತಿ ಏನಾಯ್ತು ಕೇಳವ" ಅಂದ್ರು. ಅವತ್ತಿಂದ ಸೊಪ್ಪು ಬಿಡಿಸೋದು ಅವ್ರೇ, ಕತೆ ಹಾಕು ಅನ್ನೋದೂ ಅವ್ರೇ, ನಾನು ಬರೋದು ತಡ ಆದ್ರೆ ನಿನ್ನೆ ಎಲ್ಲಿಗೆ ನಿಂತಿತ್ತು ಅಂತ ನನಗೇ ನೆನಪಿಸ್ತಾರೆ. ಮಾತಿನ ಧಾಟಿಯಲ್ಲಿರೋ ಕತೆಗಳು ಕೇಳೋಕೆ ಚಂದ, ಸಂಭಾಷಣೆ ಜಾಸ್ತಿ ಇದ್ರೆ ಇನ್ನೂ ಚಂದ. ವರ್ಣನೆ ತುಂಬಿರೋದು, ಒಂದೇ ಸಾಲನ್ನ ಎರಡು ಸಲ ಓದ್ಬೇಕು ಅನ್ನಿಸೋದು ಮಾತ್ರ ಕಣ್ಣಿಂದಲೇ ಓದ್ಬೇಕು.

ಪುಸ್ತಕಕ್ಕೆ ದುಡ್ಡು ಸುರೀಬೇಕಾಗಿಲ್ಲ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟೋ ಆಸ್ತಿ ತೆರಿಗೆ ಮೇಲೆ 6% ಗ್ರಂಥಾಲಯ ಸೆಸ್ ಬೀಳುತ್ತೆ, ಅಂದ್ರೆ ಆಗ್ಲೇ ನಾವು ದುಡ್ಡು ಕೊಟ್ಟಾಗಿದೆ, ನಿಮ್ಮ ಊರಿನ ಸರ್ಕಾರಿ ಲೈಬ್ರರಿಯಲ್ಲಿ ಕಾರ್ಡ್ ಮಾಡಿಸಿ. ನಮ್ಮ ಬೋಗಿಯಲ್ಲಿ ಇನ್ನೊಂದು ಏರ್ಪಾಡಾಗಿದೆ, ನಾನು ನಿಂತು ಓದೋದು ನೋಡಿ ಪಕ್ಕದವ್ರು ಏನು ಪುಸ್ತಕ ಅಂತ ಕೇಳಿ ಕೇಳಿ ಈಗ ಒಂದಿಷ್ಟು ಜನ ಕೈಬದಲು ಮಾಡ್ಕೊತೀವಿ, ಕೊನೇ ಪುಟದಲ್ಲಿ ಪೆನ್ಸಿಲ್ಲಲ್ಲಿ ಓದಿದವ್ರ ಹೆಸ್ರು, ಹತ್ತೋ ಸ್ಟೇಷನ್ನು. ಮೂರು ಭಾಗ ಮಾಡಿಸಿದ ಕಾದಂಬರಿಗೆ ಇದ್ರಿಂದ ಇನ್ನೊಂದು ಲಾಭ ಆಯ್ತು, ಒಂದೇ ಹೊತ್ತಲ್ಲಿ ಮೂರು ಜನ ಓದ್ಬೋದು. ಈಗ ಮೊದಲನೇ ಭಾಗ ಚನ್ನಪಟ್ಟಣದಲ್ಲಿ ಹತ್ತೋ ನರ್ಸ್ ಒಬ್ರ ಹತ್ರ ಇದೆ, ಎರಡನೇದು ಪಾಂಡವಪುರದ ಟೀಚರ್ ಹತ್ರ, ಮುಂದೇನಾಗುತ್ತೆ ಅಂತ ಟೀಚರ್ ಹೇಳೋಕೆ ಹೋದ್ರೆ ನರ್ಸ್ ಕಿವಿ ಮುಚ್ಕೊಂಡು ಬೇರೆ ಸೀಟಿಗೆ ಹೋಗ್ತಾರೆ.