ಅಮ್ಮ, ಅವಲಕ್ಕಿ ಮತ್ತು ಚೀನಾದ ಬಿಸಿನೀರು

ಚೀನಾಕ್ಕೆ ಹೋಗ್ತೀವಿ ಅಂದಾಗ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ ಅಲ್ಲಿ ಏನು ತಿಂತಾರೆ?" ಅಮ್ಮನಿಗೆ 71 ವರ್ಷ. ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅಮ್ಮ, ನಾನು, ಹೆಂಡತಿ, 11 ವರ್ಷದ ಮಗಳು, ಹೀಗೆ ನಾಲ್ಕು ಜನ. ಏಪ್ರಿಲ್ ರಜೆಯಲ್ಲಿ ಬೀಜಿಂಗ್, ಶಿಯಾನ್, ಶಾಂಘೈ ನೋಡಿ ಬಂದೆವು. ಮೇ 1ರಿಂದ ಅಲ್ಲಿ ಸಾಲು ರಜೆ. ಊರೆಲ್ಲ ರೈಲು ಹತ್ತುತ್ತದೆ. ಅದಕ್ಕೇ ಅದರೊಳಗೆ ವಾಪಸ್ ಬರುವ ಹಾಗೆ ನೋಡಿಕೊಂಡೆವು. ವೀಸಾ ಒಂದನ್ನು ಏಜೆಂಟ್‌ಗೆ ಬಿಟ್ಟೆ, ಉಳಿದದ್ದೆಲ್ಲ ನಾನೇ ಮಾಡಿದೆ. ಹಾಗಾಗಿ ತಪ್ಪುಗಳೂ ನನ್ನವೇ.

ದೊಡ್ಡ ತಪ್ಪು ಬೀಜಿಂಗಿನ ಅರಮನೆಯ ಟಿಕೆಟ್‌ನಲ್ಲಿ ಆಯಿತು. ಫರ್ಬಿಡನ್ ಸಿಟಿ ಅಂತ ಕರೆಯುವ ಆ ಅರಮನೆಗೆ ಬಾಗಿಲಲ್ಲಿ ನಿಂತು ಟಿಕೆಟ್ ತಗೊಳ್ಳುವ ಹಾಗಿಲ್ಲ. ಏಳು ದಿನ ಮೊದಲು, ರಾತ್ರಿ 8 ಗಂಟೆಗೆ ಆನ್‌ಲೈನ್‌ನಲ್ಲಿ ಬಿಡುತ್ತಾರೆ, ಪಾಸ್‌ಪೋರ್ಟ್ ನಂಬರ್ ಹಾಕಬೇಕು. ನಾನು ಬೆಂಗಳೂರಲ್ಲಿ ಊಟ ಮುಗಿಸಿ, ಸರಿಯಾಗಿ 8 ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತೆ. ಎಲ್ಲ ಖಾಲಿ! ಅವರ 8 ಗಂಟೆ ಅಂದರೆ ನಮ್ಮ ಸಂಜೆ ಐದೂವರೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಬೇರೆ ದಿನ ನೋಡೋಣ ಅಂದರೆ ನಮ್ಮ ಹತ್ತಿರ ಉಳಿದಿದ್ದು ಸೋಮವಾರ. ಸೋಮವಾರ ಅರಮನೆಗೆ ರಜೆ.

ಕೊನೆಗೆ ಅರಮನೆಯ ಹಿಂದೆ ಇರುವ ಜಿಂಗ್‌ಶಾನ್ ಗುಡ್ಡ ಹತ್ತಿದೆವು. ಟಿಕೆಟ್ 2 ಯುವಾನ್, ಅಂದರೆ ಇಪ್ಪತ್ತೈದು ರೂಪಾಯಿ ಆಸುಪಾಸು. ಅರಮನೆಯ ಕಂದಕ ತೋಡಿದ ಮಣ್ಣನ್ನೇ ಗುಡ್ಡೆ ಹಾಕಿ ಮಾಡಿದ ಗುಡ್ಡ ಅದು. ಮೇಲಿನ ಮಂಟಪದಲ್ಲಿ ನಿಂತರೆ 1420ರಲ್ಲಿ ಕಟ್ಟಿ ಮುಗಿಸಿದ ಅರಮನೆ ಪೂರ್ತಿ ಕಾಲಡಿ. ಹಳದಿ ಹೆಂಚಿನ ಮಾಡುಗಳು ಒಂದರ ಹಿಂದೆ ಒಂದು ದಕ್ಷಿಣಕ್ಕೆ ಸಾಗಿ ಮಂಜಲ್ಲಿ ಕರಗುತ್ತವೆ. ಒಳಗೆ ಹೋಗಿದ್ದರೂ ಇಷ್ಟನ್ನು ಒಟ್ಟಿಗೆ ನೋಡಲು ಆಗುತ್ತಿರಲಿಲ್ಲ ಅಂತ ಹೆಂಡತಿಗೆ ಸಮಾಧಾನ ಹೇಳಿದೆ. ಅವಳು ಒಪ್ಪಿಲ್ಲ, ಇವತ್ತಿಗೂ.

ಅಲ್ಲಿ ಗಾಳಿಯಲ್ಲಿ ಬಿಳಿ ಎಳೆಗಳು ಹಾರಾಡುತ್ತಿದ್ದವು. ಮಗಳು "ಹಿಮ!" ಅಂತ ಕೂಗಿದಳು. ಅಮ್ಮ ಒಂದನ್ನು ಹಿಡಿದು ಬೆರಳಲ್ಲಿ ಉಜ್ಜಿ ನೋಡಿ, "ಹಿಮ ಅಲ್ವೇ, ಬೂರುಗದ ಹತ್ತಿ ತರ ಇದೆ" ಅಂದರು. ವಿಲೋ, ಪಾಪ್ಲರ್ ಮರಗಳ ಹತ್ತಿಯಂತೆ. ಏಪ್ರಿಲ್‌ನಲ್ಲಿ ಬೀಜಿಂಗ್ ತುಂಬ ಅದೇ. ಅಲರ್ಜಿ ಇರುವವರು ಮಾಸ್ಕ್ ಒಯ್ಯಿರಿ, ನಾನು ಎರಡು ದಿನ ಸೀನಿದೆ.

ಮಹಾಗೋಡೆಗೆ ಮುಟಿಯಾನ್‌ಯು ಕಡೆ ಹೋದೆವು. ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ: ಅಲ್ಲಿ ಕೇಬಲ್ ಕಾರ್ ಬೇರೆ, ಜಾರುಗಾಡಿಯಲ್ಲಿ ಇಳಿಯುವ ದಾರಿ ಬೇರೆ. ಕೇಬಲ್ ಕಾರ್ ಟಿಕೆಟ್ ತಗೊಂಡರೆ ಜಾರಲು ಬಿಡುವುದಿಲ್ಲ. ಮಕ್ಕಳಿದ್ದರೆ ಮೊದಲೇ ಯೋಚಿಸಿ, ಇಲ್ಲದಿದ್ದರೆ ಗೋಡೆಯ ಮೇಲೇ ಜಗಳ ಶುರು.

ಇನ್ನು ಊಟ. ಎಲ್ಲಿ ಹೋದರೂ ಒಂದು ಚೀಟಿ ತೋರಿಸುತ್ತಿದ್ದೆ: "ವೋ ಚ್ರ್ ಸು", ನಾನು ಸಸ್ಯಾಹಾರಿ ಅಂತ. ಕೆಳಗೆ ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು ಬೇಡ ಅಂತ ಚೀನೀ ಭಾಷೆಯಲ್ಲೇ ಬರೆಸಿದ್ದೆ. ಹಾಗೆ ಬಿಡಿಸಿ ಬರೆಸುವುದು ಮುಖ್ಯ. ಬರೀ ಬೀನ್ಸ್ ಪಲ್ಯ ಅಂದುಕೊಂಡಿದ್ದರಲ್ಲೂ ಕೈಮಾ ಉದುರಿಸಿರುತ್ತಾರೆ. ಆದರೂ ಅಮ್ಮನನ್ನು ನಿಜವಾಗಿ ಕಾಪಾಡಿದ್ದು ಚೀಟಿ ಅಲ್ಲ, ಬಿಸಿನೀರು. ಅಲ್ಲಿನವರು ತಣ್ಣೀರು ಕುಡಿಯುವುದೇ ಕಡಿಮೆ. ರೈಲು, ಸ್ಟೇಷನ್, ಏರ್‌ಪೋರ್ಟ್, ಎಲ್ಲ ಕಡೆ ಕುದಿನೀರಿನ ನಲ್ಲಿ. ಹೋಟೆಲ್ ರೂಮಲ್ಲಿ ಕೆಟಲ್ ಇದ್ದೇ ಇರುತ್ತದೆ. ನಾವು ಗೊಜ್ಜವಲಕ್ಕಿ ಮಿಕ್ಸ್, ಹುರಿದ ರವೆ ಉಪ್ಪಿಟ್ಟಿನ ಪುಡಿ, ಚಟ್ನಿಪುಡಿ ಒಯ್ದಿದ್ದೆವು. ಜೊತೆಗೆ ಒಂದು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ.

ಬೀಜಿಂಗ್‌ನಿಂದ ಶಿಯಾನ್‌ಗೆ ಸುಮಾರು 1,200 ಕಿಲೋಮೀಟರ್. ಹೆಚ್ಚುಕಮ್ಮಿ ಬೆಂಗಳೂರು–ಮುಂಬೈ ರೈಲಿನ ದೂರ. ಐದು ಗಂಟೆಯೊಳಗೆ ಮುಟ್ಟಿದೆವು. ಬೋಗಿಯಲ್ಲಿ ವೇಗ ತೋರಿಸುವ ಬೋರ್ಡ್ 300 ದಾಟಿದಾಗ ಮಗಳು ಫೋಟೋ ತೆಗೆದಳು. ಅಮ್ಮ ಆ ಕಡೆ ನೋಡಲೂ ಇಲ್ಲ. ಅವರ ಗಮನವೆಲ್ಲ ಡಬ್ಬಿಯ ಮೇಲೆ. ನಲ್ಲಿಯಿಂದ ನೀರು ಹಿಡಿದು ತಂದು, ಟವೆಲ್ ಸುತ್ತಿ, ಐದು ನಿಮಿಷ ಎಣಿಸಿದರು. ಮುಚ್ಚಳ ತೆಗೆದಾಗ ಹುಣಸೆ, ಇಂಗಿನ ವಾಸನೆ ಬೋಗಿಗೆಲ್ಲ ಹರಡಿತು. ನನಗೆ ಮುಜುಗರ. ಪಕ್ಕದ ಅಜ್ಜಿ ಮಾತ್ರ ತಮ್ಮ ಕಪ್ ನೂಡಲ್ಸ್ ಬಿಟ್ಟು ಡಬ್ಬಿಯೊಳಗೆ ಇಣುಕಿದರು. ಅಮ್ಮ ಒಂದು ಚಮಚ ಕೊಟ್ಟರು, ಅಜ್ಜಿ ಒಂದು ಹಿಡಿ ಸೂರ್ಯಕಾಂತಿ ಬೀಜ ಕೊಟ್ಟರು. ಮುಂದಿನ ಎರಡು ಗಂಟೆ ಇಬ್ಬರೂ ಅವರವರ ಭಾಷೆಯಲ್ಲೇ ಮಾತಾಡಿಕೊಂಡರು.

ಅಂದಹಾಗೆ, ರೈಲಿಗೂ ಪಾಸ್‌ಪೋರ್ಟೇ ಟಿಕೆಟ್. ಅಮ್ಮನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ನಮ್ಮ ಕಡೆ ಎಷ್ಟೋ ಜನಕ್ಕೆ ಹಾಗೇ ಅಲ್ವಾ. ಬುಕಿಂಗ್ ಆ್ಯಪ್ ಸರ್‌ನೇಮ್ ಇಲ್ಲದೆ ಮುಂದೆ ಹೋಗಲಿಲ್ಲ. ಹೆಸರನ್ನೇ ಎರಡು ಸಲ ಹಾಕಿದೆ. ಗೇಟ್‌ನಲ್ಲಿ ಸಿಬ್ಬಂದಿ ಪಾಸ್‌ಪೋರ್ಟ್ ನಂಬರ್ ನೋಡಿ ಬಿಟ್ಟರು, ಆದರೆ ಆ ಎರಡು ನಿಮಿಷ ನನ್ನ ಎದೆ ಢವಢವ. ದುಡ್ಡಿನದ್ದೂ ಸ್ವಲ್ಪ ಹಾಗೇ. ತಳ್ಳುಗಾಡಿಯವರೂ ಕ್ಯೂಆರ್ ಕೋಡ್ ಇಟ್ಟಿರುತ್ತಾರೆ. ಅಲ್ಲಿ ದುಡ್ಡು ಕಟ್ಟುವ ಅಲಿಪೇ ಆ್ಯಪ್‌ಗೆ ನಮ್ಮ ಬ್ಯಾಂಕಿನ ಎರಡು ವೀಸಾ ಕಾರ್ಡ್ ಜೋಡಿಸಿಕೊಂಡು ಹೋಗಿದ್ದೆ. ಮೊದಲ ದಿನವೇ ಒಂದು ಕಾರ್ಡ್ ಕೈಕೊಟ್ಟಿತು, ಎರಡನೆಯದು ನಡೆಯಿತು. ಎರಡು ಕಾರ್ಡ್ ಜೋಡಿಸಿಕೊಂಡೇ ವಿಮಾನ ಹತ್ತಿ. ವಾಟ್ಸಾಪ್, ಗೂಗಲ್ ಅಲ್ಲಿನ ವೈಫೈನಲ್ಲಿ ಬರುವುದಿಲ್ಲ, ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ಬಂದವು.

ಶಿಯಾನ್ ನನಗೆ ಜಾಸ್ತಿ ಇಷ್ಟವಾದ ಊರು. ಹಳೇ ಚಕ್ರವರ್ತಿಯ ಸಮಾಧಿ ಕಾಯಲು ಹೂತಿಟ್ಟ ಮಣ್ಣಿನ ಸೈನಿಕರನ್ನು ನೋಡಿದೆವು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು ಅದು. ಅಷ್ಟೊಂದು ಜನರ ಭುಜದ ಮೇಲಿಂದ ಏನು ಕಾಣುತ್ತೋ ಅಷ್ಟನ್ನು ನೋಡಿದೆವು ಅನ್ನಿ. ಸುಮಾರು 14 ಕಿಲೋಮೀಟರ್ ಸುತ್ತಳತೆಯ ಹಳೇ ಕೋಟೆಗೋಡೆಯ ಮೇಲೆ ಮಗಳ ಜೊತೆ ಸೈಕಲ್ ಹೊಡೆದೆ. ಕಲ್ಲುಹಾಸು, ಸೊಂಟ ಹಿಡಿದುಕೊಂಡಿತು.

ಆದರೆ ಅಮ್ಮನ ದಿನ ಅಂದರೆ ದೊಡ್ಡ ಹೆಬ್ಬಾತು ಪಗೋಡದ ದಿನ. ಭಾರತದಿಂದ ತಂದ ಬೌದ್ಧ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ್ದು. ಮುಂದೆ ಅವನ್ನು ತಂದ ಸನ್ಯಾಸಿಯ ಪ್ರತಿಮೆ. "ಯಾರಿದು?" ಅಂತ ಅಮ್ಮ ಕೇಳಿದರು. ಶ್ವಾನ್‌ಜಾಂಗ್ ಅಂದೆ. ಗೊತ್ತಾಗಲಿಲ್ಲ. ಹ್ಯೂಯೆನ್ ತ್ಸಾಂಗ್ ಅಂದೆ. ಅಮ್ಮ ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. "ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ನಲ್ಲ, ಅವನಾ?" ಅಂದವರು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಮೊಮ್ಮಗಳನ್ನು ಬಿಸಿಲಲ್ಲೇ ನಿಲ್ಲಿಸಿಕೊಂಡು ಬಾದಾಮಿ, ಹರ್ಷ, ನರ್ಮದಾ ತೀರ ಎಲ್ಲ ಹೇಳಿದರು. ಸಂಜೆ ಮುಸ್ಲಿಂ ಬೀದಿಯಲ್ಲಿ ಲಿಯಾಂಗ್‌ಪಿ ತಿಂದರು. ಖಾರದೆಣ್ಣೆ, ವಿನೆಗರ್ ಹಾಕಿದ ತಣ್ಣನೆ ನೂಡಲ್ಸ್. ಎರಡನೇ ತಟ್ಟೆ ಅವರೇ ಬೆರಳೆತ್ತಿ ಕೇಳಿದರು.

ಶಾಂಘೈ ಬಗ್ಗೆ ಹೇಳುವುದು ಕಡಿಮೆ. ನದಿ ದಂಡೆ, ದೀಪ, ಎತ್ತರದ ಕಟ್ಟಡ, ಚೆನ್ನಾಗಿದೆ. ಎಲ್ಲರಿಗೂ ಸುಸ್ತಾಗಿತ್ತು. ಕೊನೆಯ ರಾತ್ರಿ ಹೊರಗೆ ಹೋಗದೆ ರೂಮಲ್ಲೇ ಕೆಟಲ್ ಇಟ್ಟು ಉಪ್ಪಿಟ್ಟು ಮಾಡಿಕೊಂಡೆವು. ಲೆಕ್ಕ ಹಾಕಿದರೆ ಅವಲಕ್ಕಿ ಮೂರು ಪ್ಯಾಕೆಟ್ ಉಳಿದಿತ್ತು. ಚಟ್ನಿಪುಡಿ ಮಾತ್ರ ಶಿಯಾನ್‌ನಲ್ಲೇ ಖಾಲಿ.