ಅಪ್ಪ, ಅಮ್ಮ ಇಲ್ಲದ ಮನೆಯ ಬೀಗ ತೆಗೆಯುವಾಗ

ಉಷ್ಣವಲಯದ ಮನೆಯೊಂದು ಒಂದು ಮಳೆಗಾಲ ಬಾಗಿಲು ಮುಚ್ಚಿಕೊಂಡು ಕೂತರೆ ಸಾಕು, ಗೋಡೆಗೆ ಬೂಷ್ಟು, ಚೌಕಟ್ಟಿಗೆ ಗೆದ್ದಲು, ಅಟ್ಟಕ್ಕೆ ಇಲಿ ಬಂದಿರುತ್ತವೆ. ಇವೆಲ್ಲದರ ನಡುವೆ ಅಮ್ಮನ ಕನ್ನಡಕ ಇಟ್ಟಲ್ಲೇ ಇರುತ್ತದೆ. ಇಂಥ ಮನೆಗೆ ಬಂದವರು ಒಂದೋ ಒಂದೇ ವಾರದಲ್ಲಿ ಎಲ್ಲ ಗುಡಿಸಿ ಮುಗಿಸಲು ಹೊರಡುತ್ತಾರೆ, ಇಲ್ಲವೇ ಏನನ್ನೂ ಮುಟ್ಟಲಾಗದೆ ಮತ್ತೆ ಬೀಗ ಹಾಕಿ ಹೋಗಿಬಿಡುತ್ತಾರೆ. ಎರಡರಲ್ಲೂ ನಷ್ಟವೇ. ಮೊದಲ ಸಲ ಹೋದಾಗ ಮೂರೇ ಕೆಲಸ: ಅಪಾಯ ತಪ್ಪಿಸುವುದು, ಒದ್ದೆಯಾದದ್ದನ್ನು ಒಣಗಿಸುವುದು, ಕಾಗದಪತ್ರ ಉಳಿಸಿಕೊಳ್ಳುವುದು. ಬಟ್ಟೆಬರೆ, ಪಾತ್ರೆಪಡಗ, ಪಾಲು ಹಂಚಿಕೆ ಇವೆಲ್ಲ ಕಾಯುತ್ತವೆ. ಒದ್ದೆಯಾದದ್ದು ಕಾಯುವುದಿಲ್ಲ. ನೆನೆದ ಕಾಗದ, ಬಟ್ಟೆಯ ಮೇಲೆ 24ರಿಂದ 48 ಗಂಟೆಯಲ್ಲಿ ಬೂಷ್ಟು ಶುರುವಾಗಬಹುದು.

ಹೊರಡುವ ಮೊದಲು

ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಎಂಟು ಹತ್ತು ಮಾಡಿಸಿ. ಬ್ಯಾಂಕು, ವಿಮೆ, ಪಿಂಚಣಿ, ಆಸ್ತಿ ದಾಖಲೆ ಹೀಗೆ ಒಂದೊಂದು ಕಡೆಯೂ ಒಂದೊಂದು ಇಟ್ಟುಕೊಳ್ಳುತ್ತಾರೆ. ತೀರಿಹೋದವರ ಮೊಬೈಲ್ ನಂಬರನ್ನು ಅವಸರದಲ್ಲಿ ರದ್ದು ಮಾಡಿಸಬೇಡಿ. ಬ್ಯಾಂಕಿನ, ಮಿಂಚಂಚೆಯ ಸಂದೇಶಗಳೆಲ್ಲ ಅದಕ್ಕೇ ಬರುತ್ತಿರುತ್ತವೆ. ಆ ಫೋನಿನಲ್ಲಿರುವ ಧ್ವನಿ ಸಂದೇಶಗಳನ್ನು ಇವತ್ತೇ ಬೇರೆ ಎರಡು ಕಡೆ ಉಳಿಸಿಡಿ, ಫೋನು ಒಮ್ಮೆ ಕೆಟ್ಟರೆ ಆ ದನಿ ಮತ್ತೆ ಸಿಗುವುದಿಲ್ಲ. ಅವರ ಬ್ಯಾಂಕ್ ಕಾರ್ಡಿನಿಂದ ಮಾತ್ರ ಹಣ ತೆಗೆಯಬೇಡಿ. ಅಂತ್ಯಸಂಸ್ಕಾರದ ಖರ್ಚಿಗೆಂದೇ ತೆಗೆದರೂ ಮುಂದೆ ಒಡಹುಟ್ಟಿದವರಿಗೋ ಕಾನೂನಿಗೋ ಉತ್ತರ ಹೇಳಬೇಕಾಗಬಹುದು.

ಚೀಲದಲ್ಲಿ ಟಾರ್ಚು, ಎನ್‌95 ಮಾಸ್ಕು, ರಬ್ಬರ್ ಕೈಗವಸು, ಪಾದ ಪೂರ್ತಿ ಮುಚ್ಚುವ ಬೂಟು, ಟೆಸ್ಟರ್, ತೇವಾಂಶ ತೋರಿಸುವ ಚಿಕ್ಕ ಮೀಟರ್ ಇರಲಿ. ಬೆಳಿಗ್ಗೆಯೇ ತಲುಪುವಂತೆ ಹೊರಡಿ, ಮೊದಲ ರಾತ್ರಿಯ ನಿದ್ದೆ ಬೇರೆ ಕಡೆ ಇಟ್ಟುಕೊಳ್ಳಿ. ಕತ್ತಲಲ್ಲಿ ಬೀಗ ತೆಗೆದು, ಮುಗ್ಗಲು ವಾಸನೆಯ ಹಾಸಿಗೆಯ ಮೇಲೆ ಅಳುತ್ತಾ ಮಲಗುವ ಕಷ್ಟ ಯಾರಿಗೂ ಬೇಡ.

ಮೊದಲ ಒಂದು ಗಂಟೆ

ಬಾಗಿಲು ತೆಗೆದಾಗ ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಂತಿರುತ್ತದೆ. ಆದ್ದರಿಂದ ಕಿಟಕಿಗಿಂತ ಬಾಗಿಲುಗಳನ್ನು ತೆರೆದಿಡುವುದು ಮುಖ್ಯ. ವಾಸನೆ ಇಲ್ಲದಿದ್ದರೂ ಎಲ್ಲ ಬಾಗಿಲು, ಕಿಟಕಿ ತೆರೆದು ಅರ್ಧ ಗಂಟೆ ಹೊರಗೇ ಇರಿ. ಆ ಹೊತ್ತಿನಲ್ಲಿ ಮನೆಯ ಸುತ್ತ ಒಂದು ಸುತ್ತು ಹಾಕಿ. ಹೆಂಚು ಸರಿದಿದೆಯೇ, ಮಾಡಿನ ಮಳೆನೀರು ಹರಿಯುವ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದೆಯೇ, ಪಾಯದ ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಹತ್ತಿದೆಯೇ ನೋಡಿ. ಗೆರೆ ಇದ್ದರೆ ಅದು ಗೆದ್ದಲಿನ ದಾರಿ. ಒಂದು ಕಡೆ ಎರಡು ಇಂಚು ಒಡೆದಿಡಿ. ಕೆಲವು ದಿನಗಳಲ್ಲಿ ಮತ್ತೆ ಕಟ್ಟಿದ್ದರೆ ಗೂಡಿನಲ್ಲಿ ಜೀವ ಇದೆ. ಪೂರ್ತಿ ಒರೆಸಿಬಿಟ್ಟರೆ ಔಷಧಿ ಹೊಡೆಯುವವರಿಗೆ ಜಾಡು ಸಿಗುವುದಿಲ್ಲ.

ಒಳಗೆ ಹೋಗುವಾಗ ಕೋಲಿನಿಂದ ನೆಲ ತಟ್ಟುತ್ತಾ ಹೋಗಿ. ಟಾರ್ಚು ಬಿಟ್ಟು ನೋಡದೆ ಸೌದೆ, ಚೀಲ, ಬೀರುವಿನ ಹಿಂದೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಕಚ್ಚಿದ ಭಾಗ ಅಲುಗದಂತೆ ಇಟ್ಟುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಕರೆಂಟು, ನೀರು

ಮೇನ್ ಹಾಕುವ ಮೊದಲು ಬೋರ್ಡಿನ ಎಲ್ಲ ಎಂಸಿಬಿ (ಒಂದೊಂದು ಲೈನಿನ ಸುರಕ್ಷತಾ ಸ್ವಿಚ್ಚು) ಇಳಿಸಿ, ಪ್ಲಗ್ಗುಗಳನ್ನು ಕಿತ್ತಿಡಿ. ಆಮೇಲೆ ಮೇನ್ ಹಾಕಿ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಅದು ನಿಮ್ಮನ್ನು ಕಾಯುವುದಿಲ್ಲ, ಎಲೆಕ್ಟ್ರಿಷಿಯನ್ ಬರುವವರೆಗೆ ಮೇನ್ ಆರಿಸಿಡಿ. ಬಿದ್ದರೆ ಅದನ್ನು ಮತ್ತೆ ಎತ್ತಿ, ಒಂದೊಂದೇ ಎಂಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಎಲ್ಲವೂ ಬೀಳುತ್ತದೋ ಆ ಲೈನಿನಲ್ಲಿ ಇಲಿ ಕಡಿದ ವೈರೋ, ತೇವ ಹಿಡಿದ ಸ್ವಿಚ್ ಪೆಟ್ಟಿಗೆಯೋ, ಒಳಗೆ ಗೂಡು ಕಟ್ಟಿದ ಇರುವೆಯೋ ಇರುತ್ತದೆ. ಮತ್ತೆ ಮತ್ತೆ ಎತ್ತಿ ಪ್ರಯತ್ನಿಸಬೇಡಿ.

ಬಚ್ಚಲಿನಿಂದ ಕೊಳಚೆ ವಾಸನೆ ಬರುತ್ತಿದ್ದರೆ ಪೈಪು ಒಡೆದಿದೆಯೆಂದು ಗಾಬರಿಯಾಗುವುದು ಬೇಡ. ಬಹಳಷ್ಟು ಸಲ ಜಾಲರಿಯ ಕೆಳಗೆ ನೀರು ನಿಂತು ವಾಸನೆ ತಡೆಯುವ ಟ್ರ್ಯಾಪಿನ ನೀರು ಆರಿರುತ್ತದೆ, ಅಷ್ಟೇ. ಪ್ರತಿ ಜಾಲರಿಗೂ ಒಂದೆರಡು ಚೊಂಬು ನೀರು ಹಾಕಿದರೆ ವಾಸನೆಯೂ ಜಿರಳೆಯ ದಾರಿಯೂ ಮುಚ್ಚುತ್ತವೆ.

ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ನೀರನ್ನು ಕುದಿಸಿಯೂ ಕುಡಿಯಬೇಡಿ. ಪೂರ್ತಿ ಹೊರಬಿಟ್ಟು, ಉಜ್ಜಿ ತೊಳೆದು, ಮತ್ತೆ ತುಂಬಿಸಿ. 1000 ಲೀಟರಿಗೆ 5 ಶೇಕಡಾದ ಬ್ಲೀಚ್ ದ್ರಾವಣ 1 ಲೀಟರ್ ಬೆರೆಸಿ, ನಲ್ಲಿಗಳಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, 12 ಗಂಟೆ ನಿಲ್ಲಿಸಿ ಎಲ್ಲ ಹೊರಹಾಕಿ. ವಾಸನೆ ಹೋಗುವವರೆಗೆ ಹೊಸ ನೀರಿನಲ್ಲಿ ತೊಳೆಯಿರಿ. ಈ ನೀರು ಗಿಡಗಳಿಗೆ ಹೋಗದಿರಲಿ. ನೆಲದೊಳಗಿನ ನೀರಿನ ತೊಟ್ಟಿಗೆ (ಸಂಪು) ಮಾತ್ರ ಯಾರೂ ಒಬ್ಬರೇ ಇಳಿಯಬಾರದು. ಮುಚ್ಚಿದ ಸಂಪಿನೊಳಗೆ ಆಮ್ಲಜನಕ ಕಡಿಮೆಯಾಗಿ, ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರೂ ಸಾಯುವುದುಂಟು.

ಅಂಗಳದ ಡಬ್ಬ, ಕುಂಡ, ಹಳೆಯ ಬಕೆಟ್ಟುಗಳಲ್ಲಿ ನಿಂತ ನೀರು ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನ ಗೆರೆಯ ಮೇಲೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಇಲಿ ಹಿಕ್ಕೆ, ಬೂಷ್ಟು

ಮನಸ್ಸು ತಡೆಯದೆ ಎಲ್ಲರೂ ಮೊದಲು ಹಿಡಿಯುವುದು ಪೊರಕೆ. ಅದೇ ತಪ್ಪು. ಒಣ ಹಿಕ್ಕೆ ಗುಡಿಸಿದರೆ ಅದರ ಧೂಳು ಶ್ವಾಸಕ್ಕೆ ಹೋಗುತ್ತದೆ. 1 ಪಾಲು ಬ್ಲೀಚ್, 9 ಪಾಲು ನೀರು ಬೆರೆಸಿ ಚಿಮುಕಿಸಿ, 5 ನಿಮಿಷ ನೆನೆಯಲು ಬಿಟ್ಟು ಹಳೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ. ಬರಿಗಾಲಲ್ಲಿ ಒದ್ದೆ ನೆಲ ತುಳಿಯಬೇಡಿ. ಇಲಿಜ್ವರದ ಸೂಕ್ಷ್ಮಾಣು ಇಲಿಯ ಮೂತ್ರ ಬಿದ್ದ ನೀರಿನಿಂದ ಚರ್ಮದ ಗೀರುಗಳ ಮೂಲಕ ಒಳಹೋಗುತ್ತದೆ. ಬ್ಲೀಚಿಗೆ ಆ್ಯಸಿಡ್ಡನ್ನಾಗಲಿ ಅಮೋನಿಯಾವನ್ನಾಗಲಿ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ಟೈಲ್ಸಿನ ಬೂಷ್ಟಿಗೆ ಬ್ಲೀಚ್ ಸಾಕು. ಮರದ ಬೂಷ್ಟಿಗೆ ಅದು ನಾಟುವುದಿಲ್ಲ, ಬೇರು ಒಳಗೇ ಉಳಿಯುತ್ತದೆ. ಸೋಪಿನ ನೀರಿನಲ್ಲಿ ಒರೆಸಿ, ಗಾಳಿಗಿಟ್ಟು ಪೂರ್ತಿ ಒಣಗಿಸಿ. ಕೋಣೆಯ ತೇವಾಂಶ 60 ಶೇಕಡಾಕ್ಕಿಂತ ಕೆಳಗಿಳಿಯದೆ ಬೂಷ್ಟು ನಿಲ್ಲುವುದಿಲ್ಲ. ಹೊರಗೆ ಮಳೆಯಿದ್ದಾಗ ಕಿಟಕಿ ತೆರೆದಿಟ್ಟರೆ ತೇವ ಇನ್ನೂ ಒಳಬರುತ್ತದೆ. ಮೀಟರ್ ನೋಡಿ, ಹೊರಗಿನ ಗಾಳಿ ಒಣಗಿರುವ ಹೊತ್ತಿನಲ್ಲಿ ತೆರೆಯಿರಿ.

ಕಾಗದ, ಫೋಟೋ

ಇಲ್ಲಿ ನಿಧಾನ ಬೇಕು. ಏನನ್ನೂ ಎತ್ತುವ ಮೊದಲು ಪ್ರತಿ ಕೋಣೆ, ಪ್ರತಿ ಡ್ರಾಯರ್ ಇದ್ದ ಹಾಗೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ದೂರದಲ್ಲಿರುವ ಒಡಹುಟ್ಟಿದವರಿಗೆ ಅದನ್ನು ಅದೇ ದಿನ ಕಳಿಸಿ. ಜಗಳಗಳು ಹುಟ್ಟುವುದು ಬಹುತೇಕ ‘ಅದು ಅಲ್ಲೇ ಇತ್ತು’ ಎಂಬಲ್ಲಿ. ಗೋಡೆಯ ಕ್ಯಾಲೆಂಡರು, ಫೋನಿನ ಪಕ್ಕದ ನೋಟ್‌ಬುಕ್ಕು, ಔಷಧಿ ಡಬ್ಬದೊಳಗಿನ ಚೀಟಿ ಯಾವುದನ್ನೂ ಎಸೆಯಬೇಡಿ. ಸಾಲ, ಠೇವಣಿ, ಲಾಕರಿನ ಸುಳಿವು ಅಲ್ಲೇ ಇರುತ್ತದೆ.

ಒದ್ದೆ ಕಾಗದವನ್ನು ನೆರಳಿನಲ್ಲಿ ಹರಡಿ, ಫ್ಯಾನಿನ ಗಾಳಿ ನೇರ ಬೀಳದಂತೆ ಒಣಗಿಸಿ. ಬಿಸಿಲು ಶಾಯಿಯನ್ನು ಮಾಸಿಸುತ್ತದೆ. ಎರಡು ದಿನದಲ್ಲಿ ಒಣಗಿಸಲಾಗದಷ್ಟಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಬೂಷ್ಟು ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು. ಒಂದಕ್ಕೊಂದು ಅಂಟಿದ ಹಳೆಯ ಸ್ಟುಡಿಯೋ ಫೋಟೋಗಳನ್ನು ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಶುದ್ಧ ತಣ್ಣೀರಿನಲ್ಲಿ ನೆನೆಸಿದರೆ ತಾವೇ ಬಿಡಿಸಿಕೊಳ್ಳುವುದುಂಟು. ಬಿಡಿಸಿದ ಮೇಲೆ ಮುಖ ಮೇಲಾಗಿಟ್ಟು ಒಣಗಿಸಿ. ಮನೆಯ ಪ್ರಿಂಟರಿನಲ್ಲಿ ತೆಗೆದ ಫೋಟೋ, ಶಾಯಿಯಲ್ಲಿ ಬರೆದ ಪತ್ರ ಮಾತ್ರ ನೀರಿಗೆ ಹಾಕಬಾರದು, ಬಣ್ಣ ಕರಗುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಒಮ್ಮೆ ಕೇಳೋಣವೆಂದು ಪ್ಲೇಯರಿಗೆ ಹಾಕಬೇಡಿ, ಟೇಪು ತುಂಡಾಗಬಹುದು. ಮೂಲ ಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಮುಂದೆ ಅದನ್ನು ತೆಗೆಯಲು ಹೋದರೆ ಪತ್ರವೇ ಹಾಳಾಗುತ್ತದೆ.

ಅಪ್ಪನ ಅಂಗಿಯೊಂದನ್ನು ಒಗೆಯದೆ ಇಟ್ಟುಕೊಳ್ಳಬೇಕೆನಿಸಿದರೆ ಅದು ಪೂರ್ತಿ ಒಣಗಿದೆಯೇ ನೋಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ನುಸಿಗುಳಿಗೆ ಹಾಕಿದರೆ ಅವರ ವಾಸನೆ ಹೋಗಿ ಗುಳಿಗೆಯದೇ ಉಳಿಯುತ್ತದೆ.

ಮತ್ತೆ ಬೀಗ ಹಾಕುವಾಗ

ಫ್ರಿಜ್ ಖಾಲಿ ಮಾಡಿ ಬಾಗಿಲಿಗೆ ಬಟ್ಟೆಯ ಸುರುಳಿ ಸಿಕ್ಕಿಸಿ ತೆರೆದಿಡಿ. ಬೀರು, ಮಂಚಗಳನ್ನು ಗೋಡೆಯಿಂದ ಅಂಗೈಯಗಲ ಸರಿಸಿ, ಹಾಸಿಗೆ ನಿಲ್ಲಿಸಿ. ಸಾಮಾನುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಕೆಳಗೆ ತೇವ ಕಟ್ಟಿ ಬೂಷ್ಟು ಏಳುತ್ತದೆ, ಹಳೆ ಸೀರೆ, ಪಂಚೆ ಸಾಕು. ಜಾಲರಿಗಳಲ್ಲಿ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಹಾಕಿದರೆ ಅದು ಬೇಗ ಆರುವುದಿಲ್ಲ. ನೀರಿನ ವಾಲ್ವು, ಗ್ಯಾಸು, ಮೇನ್ ಮುಚ್ಚಿ. ಖಾಲಿ ಮನೆಗೆ ವಿಮೆ ಎಷ್ಟು ದಿನ ಅನ್ವಯಿಸುತ್ತದೆಂದು ಪಾಲಿಸಿಯಲ್ಲಿ ನೋಡಿ, ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಮಿತಿಯಿದೆ. ನಂಬಿಕೆಯವರೊಬ್ಬರಿಗೆ ಕೀ ಕೊಟ್ಟು, ವಾರಕ್ಕೊಮ್ಮೆ ಒಣ ಹೊತ್ತಿನಲ್ಲಿ ಎರಡು ಗಂಟೆ ಕಿಟಕಿ ತೆರೆದು, ಮೀಟರಿನ ಅಂಕಿಯ ಫೋಟೋ ಕಳಿಸುವಂತೆ ಕೇಳಿಕೊಳ್ಳಿ.